ತ್ರಿಕೋನಮಿತಿಯ ಮೂಲಕ ಭೌತಶಾಸ್ತ್ರ ಕಲಿಸಿದ ಒಂದು ವರ್ಷ

ಪ್ರೌಢಶಾಲೆಯ ಭೌತಶಾಸ್ತ್ರಕ್ಕೆ ಕಲನಶಾಸ್ತ್ರ ಅನಿವಾರ್ಯವಲ್ಲ. ನೇರ ಗೆರೆಯ ಮೇಲಿನ ಚಲನೆ, ಓಮ್ ನಿಯಮ, ಶಾಖದ ಲೆಕ್ಕಗಳು ಇವನ್ನೆಲ್ಲ ಬೀಜಗಣಿತವೊಂದರಿಂದಲೇ ನಿಭಾಯಿಸಬಹುದು. ಆದರೆ ಬಲವೊಂದು ಓರೆಯಾಗಿ ಎಳೆಯತೊಡಗಿದಾಗ, ಬೆಳಕು ಗಾಜಿನ ಮೇಲೆ ಓರೆಯಾಗಿ ಬಿದ್ದಾಗ, ಚೆಂಡನ್ನು ಓರೆಯಾಗಿ ಎಸೆದಾಗ ಬೀಜಗಣಿತವೊಂದೇ ಸಾಲುವುದಿಲ್ಲ. ಅಲ್ಲಿ ತ್ರಿಕೋನಮಿತಿ ಬೇಕು. ಅಗತ್ಯ ಬಿದ್ದಾಗ ಮಾತ್ರ ಅದನ್ನು ಎತ್ತಿಕೊಳ್ಳುವ ಬದಲು, ವರ್ಷದ ಪಾಠಗಳೆಲ್ಲ ಅದನ್ನೇ ಆಧರಿಸಿ ಸಾಗುವಂತೆ ಕ್ರಮವನ್ನು ಬದಲಾಯಿಸಿಕೊಂಡು ಕಲಿಸಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತರಗತಿಗೆ ಬರುವ ವಿದ್ಯಾರ್ಥಿಗಳಿಗೆ ಸೈನ್, ಕೊಸೈನ್, ಟ್ಯಾನ್ ಹೊಸತೇನಲ್ಲ. ಸೈನ್ 30 ಡಿಗ್ರಿ ಎಷ್ಟೆಂದು ಕೇಳಿದರೆ ಅರ್ಧ ಎಂದು ತಕ್ಷಣ ಹೇಳುತ್ತಾರೆ. ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಬೇಕೆಂಬುದೂ ಅವರಿಗೆ ಬಾಯಿಪಾಠ. ಆದರೂ ಇಳಿಜಾರು ಹಲಗೆಯ ಮೇಲೆ ಒಂದು ಪೆಟ್ಟಿಗೆಯನ್ನು ಬಿಡಿಸಿ, ಅದರ ತೂಕದಲ್ಲಿ ಎಷ್ಟು ಭಾಗ ಅದನ್ನು ಕೆಳಕ್ಕೆ ಜಾರಿಸುತ್ತದೆ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಕಾರಣ ಸ್ಪಷ್ಟವಾಗಿದೆ. ಗಣಿತದ ಪ್ರಶ್ನೆಯಲ್ಲಿ ತ್ರಿಭುಜವನ್ನು ಬಿಡಿಸಿ ಕೊಟ್ಟಿರುತ್ತಾರೆ, ಲಂಬಕೋನಕ್ಕೆ ಗುರುತು ಹಾಕಿರುತ್ತಾರೆ, ಬಾಹುಗಳ ಉದ್ದವನ್ನೂ ಬರೆದಿರುತ್ತಾರೆ. ಭೌತಶಾಸ್ತ್ರದ ಪ್ರಶ್ನೆಯಲ್ಲಿ ತ್ರಿಭುಜವೇ ಕಾಣುವುದಿಲ್ಲ. ಒಂದು ಹಲಗೆ, ಒಂದು ಪೆಟ್ಟಿಗೆ, ಕೆಳಮುಖವಾದ ಒಂದು ಬಾಣ, ಇಷ್ಟೇ ಕಾಣುತ್ತದೆ. ತ್ರಿಭುಜವನ್ನು ಎಲ್ಲಿ ಕಟ್ಟಬೇಕು, ಏಕೆ ಕಟ್ಟಬೇಕು ಎಂಬುದನ್ನು ವಿದ್ಯಾರ್ಥಿಯೇ ತೀರ್ಮಾನಿಸಬೇಕು. ಈ ತೀರ್ಮಾನಕ್ಕೆ ದಾರಿ ತೋರುವ ಪ್ರಶ್ನೆಯೊಂದನ್ನು ನಾನು ವರ್ಷವಿಡೀ ಇಟ್ಟುಕೊಂಡೆ: ‘ಇದರಲ್ಲಿ ಈ ದಿಕ್ಕಿಗೆ ಸಿಗುವುದು ಎಷ್ಟು?’ ಬಲವಿರಲಿ, ವೇಗವಿರಲಿ, ಸ್ಥಾನಾಂತರವಿರಲಿ, ಸೈನ್ ಮತ್ತು ಕೊಸೈನ್‌ಗಳು ಆ ಪ್ರಶ್ನೆಗೆ ಉತ್ತರ ಕೊಡುವ ಸಂಖ್ಯೆಗಳು.

ಮೊದಲ ಪಾಠಗಳಲ್ಲಿ ಕ್ಯಾಲ್ಕುಲೇಟರನ್ನಾಗಲಿ, ಮುದ್ರಿತ ಕೋಷ್ಟಕವನ್ನಾಗಲಿ ಮುಟ್ಟಲು ಬಿಡಲಿಲ್ಲ. ಪ್ರತಿಯೊಬ್ಬರೂ ಗ್ರಾಫ್ ಹಾಳೆಯ ಮೇಲೆ 10 ಸೆಂಟಿಮೀಟರ್ ತ್ರಿಜ್ಯದ ಕಾಲು ವೃತ್ತವನ್ನು ಕೈವಾರದಿಂದ ಎಳೆದು, ಕೋನಮಾಪಕದಿಂದ ಹತ್ತು ಹತ್ತು ಡಿಗ್ರಿಗೆ ತ್ರಿಜ್ಯಗಳನ್ನು ಗುರುತಿಸಿ, ಪ್ರತಿ ತ್ರಿಜ್ಯದ ತುದಿ ನೆಲಗೆರೆಯಿಂದ ಎಷ್ಟು ಎತ್ತರದಲ್ಲಿದೆ, ನೆಟ್ಟ ಅಂಚಿನಿಂದ ಎಷ್ಟು ದೂರದಲ್ಲಿದೆ ಎಂದು ಅಳೆದು ಬರೆಯಬೇಕಿತ್ತು. ತ್ರಿಜ್ಯ ಹತ್ತಾದ್ದರಿಂದ ಅಳತೆಯನ್ನು ಹತ್ತರಿಂದ ಭಾಗಿಸಿದರೆ ಸೈನ್ ಮತ್ತು ಕೊಸೈನ್ ನೇರವಾಗಿ ಸಿಗುತ್ತವೆ. 30 ಡಿಗ್ರಿಗೆ ಎತ್ತರ ಸರಿಯಾಗಿ 5 ಸೆಂಟಿಮೀಟರ್ ಬಂದಾಗ ಅವರಿಗೆ ಖುಷಿಯಾಯಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ನಂತರ ಎದ್ದ ಪ್ರಶ್ನೆ. ‘ಸರ್, 30ಕ್ಕೆ 5 ಬಂದರೆ 60ಕ್ಕೆ 10 ಬರಬೇಕಿತ್ತಲ್ಲ, 8.7 ಏಕೆ ಬಂತು?’ ಎಂದು ಒಬ್ಬಳು ಕೇಳಿದಳು. ಕೋನ ಎರಡು ಪಟ್ಟಾದರೆ ಅನುಪಾತವೂ ಎರಡು ಪಟ್ಟಾಗುತ್ತದೆಂಬ ನಂಬಿಕೆ ಎಷ್ಟು ಆಳವಾಗಿ ಕೂತಿರುತ್ತದೆಂದರೆ, ಸೂತ್ರಗಳನ್ನು ಚೆನ್ನಾಗಿ ಬಳಸಬಲ್ಲವರಲ್ಲಿಯೂ ಅದು ಒಳಗೊಳಗೇ ಉಳಿದಿರುತ್ತದೆ. ಅದು ಹೊರಗೆ ಬರಬೇಕಾದರೆ ತಮ್ಮ ಕೈಯಿಂದ ಅಳೆದ ಅಂಕಿಯೊಂದು ಎದುರಿಗೆ ನಿಲ್ಲಬೇಕು.

ಆಕೆಯ ಪ್ರಶ್ನೆಯನ್ನೇ ಹಿಡಿದು ಕೋಷ್ಟಕವನ್ನು ಇಡೀ ತರಗತಿ ಮತ್ತೊಮ್ಮೆ ಓದಿತು. 0ಯಿಂದ 10 ಡಿಗ್ರಿಗೆ ಹೋಗುವಾಗ ಎತ್ತರ 1.7 ಸೆಂಟಿಮೀಟರ್‌ನಷ್ಟು ಏರುತ್ತದೆ. 80ರಿಂದ 90ಕ್ಕೆ ಹೋಗುವಾಗ 2 ಮಿಲಿಮೀಟರ್ ಕೂಡ ಏರುವುದಿಲ್ಲ. ಆರಂಭದಲ್ಲಿ ಹೆಚ್ಚುಕಡಿಮೆ ಸಮಪ್ರಮಾಣದ ಏರಿಕೆ, ಕೊನೆಯಲ್ಲಿ ಬಹುತೇಕ ನಿಂತೇ ಹೋದಂಥ ಏರಿಕೆ. ಈ ಎರಡು ಸಂಗತಿಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆಸಿ ಅಳಿಸದಂತೆ ನೋಡಿಕೊಂಡೆ, ಏಕೆಂದರೆ ಲೋಲಕದಿಂದ ವಕ್ರೀಭವನದವರೆಗೆ (ಗಾಜು, ನೀರಿನಂಥವನ್ನು ಹೊಕ್ಕಾಗ ಬೆಳಕು ಬಾಗುವುದು) ಅವೇ ಮತ್ತೆ ಮತ್ತೆ ಬರುತ್ತವೆ. ಕ್ರಿ.ಶ. 499ರಲ್ಲಿ ಆರ್ಯಭಟ ಕೊಟ್ಟ ಕೋಷ್ಟಕವನ್ನೂ ಇಲ್ಲಿಯೇ ಪರಿಚಯಿಸಿದೆ. ಅವನು ಕಾಲು ವೃತ್ತವನ್ನು 24 ಭಾಗ ಮಾಡಿ, ಒಂದೊಂದು ಭಾಗ 225 ಕಲೆಗಳೆಂದು (ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ಕಲೆ), ಅಂದರೆ 3 ಡಿಗ್ರಿ 45 ಕಲೆಗಳೆಂದು ಇಟ್ಟುಕೊಂಡು, 3438 ಕಲೆಗಳ ತ್ರಿಜ್ಯಕ್ಕೆ ಎತ್ತರಗಳ ಏರಿಕೆಯನ್ನಷ್ಟೇ ಹೇಳುತ್ತಾನೆ: 225, 224, 222, 219, ಹೀಗೆ ಇಳಿಯುತ್ತ ಹೋಗಿ ಕೊನೆಯ ಏರಿಕೆ 7ಕ್ಕೆ ಬಂದು ನಿಲ್ಲುತ್ತದೆ. ಏರಿಕೆ ಕಡಿಮೆಯಾಗುತ್ತ ಹೋಗುವ ತಮ್ಮದೇ ಅಳತೆಯನ್ನು ಆ ಸಾಲಿನಲ್ಲಿ ಕಂಡು ಕೆಲವರು ತಮ್ಮ ಹಾಳೆಯ ಅಂಕಿಗಳನ್ನು 3438ಕ್ಕೆ ಪರಿವರ್ತಿಸಿ ಹೋಲಿಸಿ ನೋಡಿದರು.

ಕೊಸೈನಿಗೆ ಪ್ರತ್ಯೇಕ ಪಾಠ ಬೇಕಾಗಲಿಲ್ಲ. ಅದೇ ಅಂಕಿಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಕೊಸೈನ್ ಎಂಬುದು ಅವರಿಗೇ ಕಂಡಿತು.

ಇನ್ನು ಇಳಿಜಾರು ಹಲಗೆ. ಈ ಪಾಠಕ್ಕೆ ನಾನು ಪಠ್ಯಕ್ರಮ ಕೊಡುವುದಕ್ಕಿಂತ ಬಹಳ ಹೆಚ್ಚು ಸಮಯ ಕೊಟ್ಟೆ, ಮುಂದೆಯೂ ಕೊಡುತ್ತೇನೆ. ಸುಲಭವಾಗಿ ಉರುಳುವ ಚಕ್ರಗಳಿರುವ, 5 ನ್ಯೂಟನ್ ತೂಗುವ ಒಂದು ಪುಟ್ಟ ಗಾಡಿ, ನುಣುಪಾದ ಹಲಗೆ, ಒಂದು ಸ್ಪ್ರಿಂಗ್ ತ್ರಾಸು. ಗಾಡಿಯನ್ನು ಹಲಗೆಗೆ ಸಮಾಂತರವಾಗಿ ತ್ರಾಸಿನಿಂದ ಹಿಡಿದು ನಿಲ್ಲಿಸಿದರೆ, ಅದು ಜಾರದಂತೆ ತಡೆಯಲು ಎಷ್ಟು ಬಲ ಬೇಕೆಂಬುದು ಓದಲು ಸಿಗುತ್ತದೆ. ಅಳೆಯುವ ಮೊದಲು ಊಹೆ ಬರೆಯಬೇಕೆಂಬುದು ನಿಯಮ. ಹಲಗೆ ಮಲಗಿದ್ದರೆ ಸೊನ್ನೆ, ನೆಟ್ಟಗೆ ನಿಂತಿದ್ದರೆ 5 ನ್ಯೂಟನ್ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಾಗಾದರೆ ಅರ್ಧ, ಅಂದರೆ 2.5 ನ್ಯೂಟನ್, ಯಾವ ಕೋನದಲ್ಲಿ ಬರಬೇಕು? ಬಹುತೇಕ ಎಲ್ಲರೂ 45 ಎಂದು ಬರೆದರು. ಹಲಗೆಯನ್ನು 45 ಡಿಗ್ರಿಗೆ ಎತ್ತಿ ನಿಲ್ಲಿಸಿದಾಗ ತ್ರಾಸು 3.5ನ್ನು ತೋರಿಸಿತು. ತ್ರಾಸಿನ ಮುಳ್ಳನ್ನು ತಟ್ಟಿ ನೋಡಿದರು, ಗಾಡಿಯನ್ನು ತೆಗೆದು ಮತ್ತೆ ಇಟ್ಟರು, ಬದಲಾಗಲಿಲ್ಲ. ನಂತರ ಮೆಲ್ಲಗೆ ಹಲಗೆಯನ್ನು ಇಳಿಸುತ್ತ ಬಂದಂತೆ ಮುಳ್ಳು 2.5ಕ್ಕೆ ಬಂದು ನಿಂತದ್ದು 30 ಡಿಗ್ರಿಯಲ್ಲಿ. ಆಗ ಹಿಂದಿನ ಬೆಂಚಿನ ಒಬ್ಬ ತನ್ನ ಗ್ರಾಫ್ ಹಾಳೆಯನ್ನು ತೆಗೆದು ನೋಡಿ, ‘ಸರ್, ಇದು ಆ ಕೋಷ್ಟಕದ ಸಂಖ್ಯೆಯೇ’ ಎಂದ. ನಾನು ಸೂತ್ರವನ್ನು ಬೋರ್ಡಿನ ಮೇಲೆ ಬರೆದದ್ದು ಅದಾದ ಮೇಲೆ: ಜಾರಿಸುವ ಬಲವೆಂದರೆ ತೂಕವನ್ನು ಸೈನ್ ಥೀಟಾದಿಂದ ಗುಣಿಸಿದ್ದು, ಥೀಟಾ ಎಂದರೆ ಹಲಗೆಯ ಇಳಿಜಾರಿನ ಕೋನ.

ಅಲ್ಲಿಗೆ ಮುಗಿಯಲಿಲ್ಲ. 45 ಡಿಗ್ರಿಯಲ್ಲಿ ಜಾರಿಸುವ ಪಾಲು 3.5 ನ್ಯೂಟನ್ ಆದರೆ, ಹಲಗೆಯನ್ನು ಒತ್ತುವ ಪಾಲೂ 3.5 ನ್ಯೂಟನ್. ಎರಡನ್ನೂ ಕೂಡಿದರೆ 7. ಗಾಡಿ ತೂಗುವುದೇ 5 ನ್ಯೂಟನ್ ಆಗಿರುವಾಗ ಉಳಿದ 2 ನ್ಯೂಟನ್ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ತಾವಾಗಿ ಕೇಳುವುದು ವಿರಳ. ಕೇಳದಿದ್ದರೆ ನಾನೇ ಕೇಳುತ್ತೇನೆ. ಸದಿಶಗಳನ್ನು, ಅಂದರೆ ಬಲದಂತೆ ದಿಕ್ಕೂ ಇರುವ ಪರಿಮಾಣಗಳನ್ನು, ಅಂಕಿಗಳಂತೆ ಕೂಡುವಂತಿಲ್ಲ ಎಂಬ ವಾಕ್ಯವನ್ನು ಎಷ್ಟು ಸಲ ಬರೆಸಿದರೂ ಮನಸ್ಸಿಗೆ ಇಳಿಯದ ವಿಷಯ ಈ 7 ಮತ್ತು 5ರ ನಡುವಿನ ಅಂತರದಿಂದ ಇಳಿಯುತ್ತದೆ. 3.5ರ ವರ್ಗ 12.25, ಎರಡು ಸೇರಿ 24.5, ಅದು 5ರ ವರ್ಗವಾದ 25ಕ್ಕೆ ಅಳತೆಯ ನಿಖರತೆಯ ಮಟ್ಟಿಗೆ ಸಮ. ಸೈನ್ ವರ್ಗ ಮತ್ತು ಕೊಸೈನ್ ವರ್ಗ ಸೇರಿ ಒಂದಾಗುತ್ತದೆಂಬ ನಿತ್ಯಸಮೀಕರಣಕ್ಕೆ ಭೌತಶಾಸ್ತ್ರದಲ್ಲಿ ಇರುವ ಅರ್ಥವೇ ಇದು: ಎರಡು ದಿಕ್ಕುಗಳಿಗೆ ಹಂಚಿಕೊಂಡ ಬಲವನ್ನು ಮತ್ತೆ ಜೋಡಿಸಿದರೆ ಮೂಲ ಬಲವೇ ಸಿಗಬೇಕು.

ಇಳಿಜಾರಿನಲ್ಲಿ ವಿದ್ಯಾರ್ಥಿಗಳನ್ನು ನಿಜವಾಗಿ ಕಾಡುವುದು ಕೋನ ಎಲ್ಲಿದೆಯೆಂಬ ಪ್ರಶ್ನೆ. ಹಲಗೆ ನೆಲದೊಂದಿಗೆ ಮಾಡುವ ಕೋನ ಥೀಟಾ ಆದರೆ, ತೂಕದ ಬಾಣ ಹಲಗೆಯ ಲಂಬದೊಂದಿಗೆ ಮಾಡುವ ಕೋನವೂ ಥೀಟಾ ಏಕೆ? ಸಾಮಾನ್ಯವಾಗಿ ಇದಕ್ಕೆ ರೇಖಾಗಣಿತದ ಎರಡು ಸಾಲಿನ ಸಾಧನೆ ಕೊಟ್ಟು ಮುಂದೆ ಹೋಗುತ್ತೇವೆ. ನಾನು ಒಂದು ರಟ್ಟನ್ನು ಬಳಸಿದೆ. ರಟ್ಟಿನ ಕೆಳ ಅಂಚಿಗೆ ಲಂಬವಾಗಿ ಒಂದು ಕೆಂಪು ಗೆರೆ ಎಳೆದು, ಆ ಗೆರೆಯ ಮೇಲ್ತುದಿಯಲ್ಲಿ ಗುಂಡುಪಿನ್ನು ಚುಚ್ಚಿ, ಅದಕ್ಕೆ ಸಣ್ಣ ತೂಕ ಕಟ್ಟಿದ ದಾರವನ್ನು ಇಳಿಬಿಟ್ಟರೆ ಸಾಕು. ಅಂಚು ಮೇಜಿನ ಮೇಲೆ ಸಮವಾಗಿರುವಾಗ ದಾರ ಕೆಂಪು ಗೆರೆಯ ಮೇಲೇ ಇರುತ್ತದೆ. ಅಂಚಿನ ಒಂದು ತುದಿಯನ್ನು 20 ಡಿಗ್ರಿ ಎತ್ತಿದರೆ ಕೆಂಪು ಗೆರೆ 20 ಡಿಗ್ರಿ ವಾಲುತ್ತದೆ, ದಾರ ಮಾತ್ರ ನೆಟ್ಟಗೆ ಇದ್ದಲ್ಲೇ ಇರುತ್ತದೆ. ಎರಡರ ನಡುವೆ ತೆರೆದುಕೊಂಡ ಕೋನ ಅಷ್ಟೇ 20 ಡಿಗ್ರಿ. ದಾರವೆಂದರೆ ತೂಕದ ದಿಕ್ಕು, ಕೆಂಪು ಗೆರೆಯೆಂದರೆ ಹಲಗೆಯ ಲಂಬ. ಈ ರಟ್ಟು ಕೈಯಿಂದ ಕೈಗೆ ಹೋಗಿ ಬಂದ ಮೇಲೆ ಕೋನವನ್ನು ತಪ್ಪು ಜಾಗದಲ್ಲಿ ಗುರುತಿಸುವವರು ಬಹಳ ಕಡಿಮೆಯಾದರು.

ಆದರೂ ಇನ್ನೊಂದು ತೊಡಕು ಉಳಿದಿತ್ತು. ‘ಅಡ್ಡಕ್ಕೆ ಕೊಸೈನ್, ನೆಟ್ಟಕ್ಕೆ ಸೈನ್’ ಎಂದು ಎಲ್ಲಿಯೋ ಕಲಿತು ಬಂದವರು ಇಳಿಜಾರಿನಲ್ಲಿಯೂ ಅದನ್ನೇ ಹಚ್ಚುತ್ತಾರೆ. ಆ ಮಾತು ಕೋನವನ್ನು ಅಡ್ಡಗೆರೆಯಿಂದ ಅಳೆದಾಗ ಮಾತ್ರ ನಿಜ. ಅದರ ಬದಲಿಗೆ, ಕೋನವನ್ನು ತಾಗಿಕೊಂಡಿರುವ ಬಾಹುವಿಗೆ ಕೊಸೈನ್, ಕೋನದ ಎದುರಿನ ಬಾಹುವಿಗೆ ಸೈನ್ ಎಂಬುದನ್ನು ಹೇಳಿಕೊಟ್ಟೆ. ಜೊತೆಗೆ ಪ್ರತಿ ಉತ್ತರವನ್ನೂ 0 ಮತ್ತು 90 ಡಿಗ್ರಿಗಳಲ್ಲಿ ಪರೀಕ್ಷಿಸುವುದನ್ನು ಕಡ್ಡಾಯ ಮಾಡಿದೆ. ಜಾರಿಸುವ ಬಲ ತೂಕ ಗುಣಿಸು ಕೊಸೈನ್ ಥೀಟಾ ಎಂದು ಯಾರಾದರೂ ಬರೆದರೆ, 0 ಡಿಗ್ರಿಯಲ್ಲಿ ಕೊಸೈನ್ ಒಂದಾಗುತ್ತದೆ. ಸಮತಟ್ಟಾದ ಮೇಜಿನ ಮೇಲಿಟ್ಟ ಗಾಡಿ ಪೂರ್ತಿ ತೂಕದ ಬಲದಿಂದ ಪಕ್ಕಕ್ಕೆ ಓಡಬೇಕಾಗುತ್ತದೆ. ಇದನ್ನು ನಾನು ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ, ಬರೆದವರೇ ಅಳಿಸಿ ತಿದ್ದಿಕೊಳ್ಳುತ್ತಾರೆ. ತಿದ್ದುವ ಅಧಿಕಾರ ಶಿಕ್ಷಕರ ಕೈಯಿಂದ ವಿದ್ಯಾರ್ಥಿಯ ಕೈಗೆ ದಾಟುವ ಈ ಕ್ಷಣಕ್ಕೆ ನಾನು ಬೇರೆ ಯಾವುದಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಘರ್ಷಣೆಯ ಪಾಠ ಇದರ ಮುಂದುವರಿಕೆಯಾಗಿ ಸಲೀಸಾಗಿ ಬಂತು. ಹಲಗೆಯ ಮೇಲೆ ಮರದ ತುಂಡನ್ನಿಟ್ಟು ಮೆಲ್ಲಗೆ ಎತ್ತುತ್ತ ಹೋದರೆ ಒಂದು ಕೋನದಲ್ಲಿ ಅದು ಜಾರತೊಡಗುತ್ತದೆ. ಆ ಅಂಚಿನಲ್ಲಿ ಜಾರಿಸುವ ಬಲವೂ ಗರಿಷ್ಠ ಘರ್ಷಣೆಯೂ ಸಮ. ಆ ಬಲವನ್ನು ಹಲಗೆಯನ್ನು ಒತ್ತುವ ಬಲದಿಂದ ಭಾಗಿಸಿದಾಗ ತೂಕ ಹೊಡೆದುಹೋಗಿ ಟ್ಯಾನ್ ಥೀಟಾ ಒಂದೇ ಉಳಿಯುತ್ತದೆ, ಅದೇ ಸ್ಥಿತ ಘರ್ಷಣಾ ಗುಣಾಂಕ. ತುಂಡಿನ ಮೇಲೆ ಇನ್ನೊಂದು ತುಂಡು ಹೇರಿದರೆ ಬೇಗ ಜಾರುತ್ತದೆಂದು ಪಂದ್ಯ ಕಟ್ಟಿದವರಿದ್ದರು. ಕೋನ ಬದಲಾಗಲಿಲ್ಲ. ಬಲವನ್ನೇ ಅಳೆಯದೆ ಕೋನವೊಂದರಿಂದ ಗುಣಾಂಕ ಸಿಕ್ಕಿತೆಂಬುದು ಅವರಿಗೆ ಬಹಳ ಹಿಡಿಸಿತು.

ಸೈನ್ ಛೇದದಲ್ಲಿ ಬಂದಾಗ ಏನಾಗುತ್ತದೆ ಎಂಬುದನ್ನು ತೋರಿಸಲು ಹಗ್ಗವನ್ನು ತಂದೆ. ತರಗತಿಯಲ್ಲಿ ಗಟ್ಟಿಮುಟ್ಟಾದ ಇಬ್ಬರು ಹಗ್ಗದ ಎರಡು ತುದಿಗಳನ್ನು ಹಿಡಿದು ಎಳೆಯಬೇಕು, ನಡುವೆ 20 ನ್ಯೂಟನ್ ತೂಗುವ ಒಂದು ಚೀಲ ನೇತಾಡುತ್ತದೆ, ಹಗ್ಗವನ್ನು ಪೂರ್ತಿ ನೇರ ಮಾಡಬೇಕು. ಎಷ್ಟು ಜಗ್ಗಿದರೂ ನಡುವೆ ಸ್ವಲ್ಪ ಬಾಗು ಉಳಿದೇ ಉಳಿಯಿತು. ಇನ್ನೂ ಇಬ್ಬರು ಬಂದು ಸೇರಿದರು, ಕಾಲೂರಿ ಜಗ್ಗಿದರು, ಮುಖ ಕೆಂಪಾಯಿತು, ಬಾಗು ಹೋಗಲಿಲ್ಲ. ಆಮೇಲೆ ಕುಳಿತು ಲೆಕ್ಕ ಹಾಕಿದೆವು. ಹಗ್ಗದ ಎರಡು ಕಡೆಯ ಎಳೆತಗಳ ಮೇಲ್ಮುಖ ಪಾಲುಗಳು ಸೇರಿ ಚೀಲದ ತೂಕವನ್ನು ಹೊರಬೇಕು, ಆದ್ದರಿಂದ ಎಳೆತವೆಂದರೆ ತೂಕವನ್ನು ಸೈನ್ ಥೀಟಾದ ಎರಡರಷ್ಟರಿಂದ ಭಾಗಿಸಿದ್ದು. ಹಗ್ಗ ಅಡ್ಡಗೆರೆಯಿಂದ 30 ಡಿಗ್ರಿ ಇಳಿದಿದ್ದರೆ ಎಳೆತ 20 ನ್ಯೂಟನ್, 10 ಡಿಗ್ರಿಗೆ ಸುಮಾರು 58, 5 ಡಿಗ್ರಿಗೆ 115ರ ಹತ್ತಿರ, 1 ಡಿಗ್ರಿಗೆ 570ನ್ನೂ ಮೀರುತ್ತದೆ. ಸೊನ್ನೆ ಡಿಗ್ರಿಗೆ ಭಾಗಾಕಾರವೇ ಸಾಧ್ಯವಿಲ್ಲ. ಗಣಿತದಲ್ಲಿ ‘ವ್ಯಾಖ್ಯೆ ಇಲ್ಲ’ ಎಂದು ಬರೆದು ಬಿಟ್ಟುಬಿಡುವ ಜಾಗದಲ್ಲಿ ನಾಲ್ವರು ವಿದ್ಯಾರ್ಥಿಗಳು ಬೆವರಿಳಿಸಿ ನಿಂತಿದ್ದರು, ಆದ್ದರಿಂದ ಆ ಮಾತನ್ನು ವಿವರಿಸುವ ಕೆಲಸ ನನಗೆ ಉಳಿಯಲಿಲ್ಲ. ತಂತಿಗಳನ್ನು ಕಂಬಗಳ ನಡುವೆ ಸ್ವಲ್ಪ ಜೋತುಬಿದ್ದಂತೆ ಕಟ್ಟುವುದೇಕೆ ಎಂಬುದನ್ನು ಅವರೇ ಹೇಳಿದರು.

ಭೌತಶಾಸ್ತ್ರದಲ್ಲಿ ಕೆಲಸವೆಂದರೆ ಬಲ, ಸ್ಥಾನಾಂತರ ಮತ್ತು ಅವೆರಡರ ನಡುವಿನ ಕೋನದ ಕೊಸೈನ್ ಇವುಗಳ ಗುಣಲಬ್ಧ. ಈ ವ್ಯಾಖ್ಯೆಯಲ್ಲಿ ಕೊಸೈನ್ ಬಂದಾಗ ತ್ರಿಭುಜದ ಮಿತಿ ಎದುರಾಗುತ್ತದೆ. ಬಲ ಮತ್ತು ಸ್ಥಾನಾಂತರದ ನಡುವಿನ ಕೋನ 60 ಡಿಗ್ರಿಯಾದರೆ ಅರ್ಧ ಪಾಲು, 90 ಆದರೆ ಸೊನ್ನೆ, ಇಲ್ಲಿಯವರೆಗೆ ಕಾಲು ವೃತ್ತ ಸಾಕು. ಘರ್ಷಣೆ ಚಲನೆಗೆ ಎದುರಾಗಿ ವರ್ತಿಸುವಾಗ ಕೋನ 180 ಡಿಗ್ರಿ; ಲಂಬಕೋನ ತ್ರಿಭುಜದಲ್ಲಿ ಅಂಥ ಕೋನವೇ ಇರಲಾರದು. ಇಲ್ಲಿ ಕಾಲು ವೃತ್ತವನ್ನು ಎಡಕ್ಕೆ ಮುಂದುವರಿಸಿ ಅರ್ಧ ವೃತ್ತ ಮಾಡಿಸಿದೆ. 90 ದಾಟಿದ ಮೇಲೆ ತ್ರಿಜ್ಯದ ತುದಿ ನಡುಗೆರೆಯ ಆ ಬದಿಗೆ ಹೋಗುತ್ತದೆ, ದೂರಕ್ಕೆ ಋಣ ಚಿಹ್ನೆ ಬರುತ್ತದೆ, 180ಕ್ಕೆ ಋಣ ಒಂದಾಗುತ್ತದೆ. ಘರ್ಷಣೆ ಮಾಡುವ ಕೆಲಸ ಋಣವೆಂಬುದನ್ನು ಪ್ರತ್ಯೇಕ ನಿಯಮವಾಗಿ ನೆನಪಿಡಬೇಕಾದ ಹೊರೆ ಇದರಿಂದ ತಪ್ಪಿತು. ಗಣಿತದಲ್ಲಿ ಸೈನ್, ಕೊಸೈನ್‌ಗಳಿಗೆ ವೃತ್ತದ ಮೂಲಕ ಕೊಡುವ ವ್ಯಾಖ್ಯೆ ಬರುವ ಮೊದಲೇ ಇದನ್ನು ಮಾಡಬೇಕೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ಅಗತ್ಯ ಕಣ್ಣಿಗೆ ಕಾಣುವಾಗ ಹೊಸ ವ್ಯಾಖ್ಯೆ ಹಿಡಿಸುವಷ್ಟು ಸುಲಭವಾಗಿ ಬೇರೆ ಯಾವಾಗಲೂ ಹಿಡಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ವರ್ಷದ ಪಾಠಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ವಕ್ರೀಭವನ. ಗಾಜಿನ ಚಪ್ಪಡಿ, ಗುಂಡುಪಿನ್ನುಗಳು, ಬಿಳಿ ಹಾಳೆ ಇಷ್ಟರಿಂದಲೇ ಪತನ ಕೋನಕ್ಕೆ ತಕ್ಕ ವಕ್ರೀಭವನ ಕೋನವನ್ನು ಅಳೆಯಬಹುದು. ಸ್ನೆಲ್ ನಿಯಮವನ್ನು ಮೊದಲು ಹೇಳದೆ, ಅಳೆದ ಅಂಕಿಗಳಿಂದ ನಿಯಮವೊಂದನ್ನು ಹುಡುಕಲು ಬಿಟ್ಟೆ. 10 ಡಿಗ್ರಿಗೆ ಸುಮಾರು 6.5, 20ಕ್ಕೆ 13, 30ಕ್ಕೆ 19.5 ಬಂದವು. ಒಂದು ಗುಂಪು ಆಗಲೇ ‘ಕೋನಗಳ ಅನುಪಾತ ಒಂದೂವರೆ’ ಎಂದು ಘೋಷಿಸಿತು. ಮುಂದೆ ಅಳೆಯಿರಿ ಎಂದೆ. 50 ಡಿಗ್ರಿಗೆ 30.5 ಬಂದಾಗ ಅನುಪಾತ 1.6 ದಾಟಿತು, 60ಕ್ಕೆ 35 ಬಂದಾಗ 1.7 ಆಯಿತು, 70ಕ್ಕೆ 39 ಬಂದಾಗ 1.8ರ ಹತ್ತಿರ ಹೋಯಿತು. ಅವರ ಮುಖದಲ್ಲಿ ನಿರಾಸೆ ಕಂಡಾಗ, ಎರಡನೆಯ ಶತಮಾನದಲ್ಲಿ ಖಗೋಳಜ್ಞ ಟಾಲೆಮಿ ಗಾಳಿಯಿಂದ ನೀರಿಗೆ ಹೋಗುವ ಬೆಳಕಿಗೆ ಬರೆದಿಟ್ಟ ಕೋಷ್ಟಕವನ್ನು ಬೋರ್ಡಿನ ಮೇಲೆ ಬರೆದೆ: 10ಕ್ಕೆ 8, 20ಕ್ಕೆ 15.5, 30ಕ್ಕೆ 22.5, 40ಕ್ಕೆ 29, ಹೀಗೆ 80ಕ್ಕೆ 50 ಡಿಗ್ರಿಯವರೆಗೆ. ಅದರಲ್ಲಿ ಏರಿಕೆ ಪ್ರತಿ ಹೆಜ್ಜೆಗೂ ಸರಿಯಾಗಿ ಅರ್ಧ ಡಿಗ್ರಿ ಕಡಿಮೆಯಾಗುತ್ತ ಹೋಗುತ್ತದೆ. ಅಳತೆಗಳನ್ನು ಒಂದು ಅಂಕಗಣಿತದ ಕ್ರಮಕ್ಕೆ ಹೊಂದಿಸಿದಂತೆ ಕಾಣುವ ಆ ಕೋಷ್ಟಕ ನಡುವಿನ ಕೋನಗಳಲ್ಲಿ ಚೆನ್ನಾಗಿಯೇ ಇದೆ. ಕೊನೆಯಲ್ಲಿ ಮಾತ್ರ ದಾರಿ ತಪ್ಪುತ್ತದೆ, 80 ಡಿಗ್ರಿಗೆ ನೀರಿನಲ್ಲಿ ಬರಬೇಕಾದದ್ದು 48ಕ್ಕೂ ಸ್ವಲ್ಪ ಕಡಿಮೆ.

ಆಗ ಯಾರೋ ಬೋರ್ಡಿನ ಮೂಲೆಯಲ್ಲಿ ಉಳಿದಿದ್ದ ಮಾತನ್ನು ಓದಿದರು: ಆರಂಭದಲ್ಲಿ ಸೈನ್ ಕೋನದ ಜೊತೆ ಸಮಪ್ರಮಾಣದಲ್ಲಿ ಏರುತ್ತದೆ, ಕೊನೆಯಲ್ಲಿ ಏರುವುದು ನಿಲ್ಲುತ್ತದೆ. ಚಿಕ್ಕ ಕೋನಗಳಲ್ಲಿ ಕೋನಗಳ ಅನುಪಾತ ಸರಿ ಬಂದು ದೊಡ್ಡ ಕೋನಗಳಲ್ಲಿ ತಪ್ಪುವುದಕ್ಕೆ ಇದೇ ಕಾರಣವಿರಬಹುದೇ ಎಂಬ ಗುಮಾನಿ ಎದ್ದಿತು. ಕೋನಗಳನ್ನು ಬಿಟ್ಟು ಅವುಗಳ ಸೈನ್‌ಗಳನ್ನು ಭಾಗಿಸಿದರು. 30ಕ್ಕೆ 1.5, 50ಕ್ಕೆ 1.5, 70ಕ್ಕೂ 1.5. ಅಳತೆಯ ಸಣ್ಣಪುಟ್ಟ ಏರುಪೇರು ಬಿಟ್ಟರೆ ಎಲ್ಲ ಸಾಲುಗಳಲ್ಲೂ ಅದೇ ಸಂಖ್ಯೆ. ಟಾಲೆಮಿಯಿಂದ ಈ ಸಂಖ್ಯೆಯವರೆಗೆ ಬರಲು ಎಂಟು ಶತಮಾನಗಳಿಗೂ ಹೆಚ್ಚು ಕಾಲ ಬೇಕಾಯಿತು: 984ರ ಹೊತ್ತಿಗೆ ಬಾಗ್ದಾದಿನ ಗಣಿತಜ್ಞ ಇಬ್ನ್ ಸಹ್ಲ್ ಇದಕ್ಕೆ ಸಮನಾದ ನಿಯಮವನ್ನು ಬಳಸಿದ್ದ, 1621ರಲ್ಲಿ ಡಚ್ ಗಣಿತಜ್ಞ ಸ್ನೆಲ್ ಕಂಡುಕೊಂಡರೂ ಪ್ರಕಟಿಸಲಿಲ್ಲ, 1637ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಡೇಕಾರ್ಟ್ ಸೈನ್‌ಗಳ ರೂಪದಲ್ಲಿ ಅಚ್ಚಿಗೆ ಕೊಟ್ಟ. ಇಷ್ಟು ಇತಿಹಾಸವನ್ನು ಹೇಳುವುದು ಅಲಂಕಾರಕ್ಕಲ್ಲ. ಕೋನವನ್ನು ನೋಡುವುದರಿಂದ ಸೈನ್‌ ಅನ್ನು ನೋಡುವುದಕ್ಕೆ ದಾಟುವ ಹೆಜ್ಜೆ ಎಷ್ಟು ದೊಡ್ಡದೆಂಬುದು ಅದರಿಂದ ತಿಳಿಯುತ್ತದೆ.

ಮರುದಿನ ಬೆಳಕನ್ನು ಗಾಜಿನಿಂದ ಗಾಳಿಗೆ ಕಳಿಸಿದೆವು. ಒಳಗಿನ ಕೋನದ ಸೈನ್‌ಗೆ ಒಂದೂವರೆಯನ್ನು ಗುಣಿಸಿದರೆ ಹೊರಗಿನ ಕೋನದ ಸೈನ್. 30 ಡಿಗ್ರಿಗೆ 0.75, ಹೊರಗೆ ಸುಮಾರು 48.6 ಡಿಗ್ರಿ. 50 ಡಿಗ್ರಿಗೆ 0.766ರ ಒಂದೂವರೆ ಪಟ್ಟು 1.15. ಯಾವ ಕೋನದ ಸೈನ್ 1.15? ಎಲ್ಲರೂ ತಮ್ಮ ಕಾಲು ವೃತ್ತವನ್ನು ನೋಡಿದರು. 10 ಸೆಂಟಿಮೀಟರ್ ತ್ರಿಜ್ಯದ ವೃತ್ತದಲ್ಲಿ 11.5 ಸೆಂಟಿಮೀಟರ್ ಎತ್ತರ ಎಲ್ಲಿಯೂ ಇಲ್ಲ. ಕ್ಯಾಲ್ಕುಲೇಟರ್ ಕೂಡ ದೋಷವೆಂದು ತೋರಿಸುತ್ತದೆ. ಹಾಗಿದ್ದರೆ ಬೆಳಕು ಏನು ಮಾಡುತ್ತದೆ ಎಂದು ಕೇಳಿ, ಅರ್ಧವೃತ್ತಾಕಾರದ ಗಾಜಿನಲ್ಲಿ ಕಿರಣವನ್ನು ತಿರುಗಿಸುತ್ತ ತೋರಿಸಿದೆ. 42 ಡಿಗ್ರಿಯ ಆಸುಪಾಸಿನಲ್ಲಿ ಹೊರಗಿನ ಕಿರಣ ಮೇಲ್ಮೈಗೆ ಒರಗಿಕೊಂಡು ಮಾಯವಾಯಿತು, ಬೆಳಕೆಲ್ಲ ಒಳಕ್ಕೆ ತಿರುಗಿತು. ಪೂರ್ಣ ಆಂತರಿಕ ಪ್ರತಿಫಲನ ಎಂಬುದು ಅವರ ಪಾಲಿಗೆ ಹೊಸ ಅಧ್ಯಾಯದ ಶೀರ್ಷಿಕೆಯಾಗಿ ಬರದೆ, ಲೆಕ್ಕ ನಿಂತುಹೋದ ಜಾಗದಲ್ಲಿ ಪ್ರಕೃತಿ ಕೊಟ್ಟ ಉತ್ತರವಾಗಿ ಬಂತು. ವಕ್ರೀಭವನ ಸೂಚ್ಯಂಕ, ಅಂದರೆ ಗಾಜಿಗೆ ಒಂದೂವರೆ ಬಂದ ಆ ಸಂಖ್ಯೆ, 2.42 ಇರುವ ವಜ್ರಕ್ಕೆ ಬೆಳಕು ಹೀಗೆ ಒಳಕ್ಕೆ ತಿರುಗತೊಡಗುವ ಕೋನ 24.4 ಡಿಗ್ರಿ ಎಂಬುದನ್ನು ಅವರೇ ಲೆಕ್ಕ ಹಾಕಿ, ಅದರ ಹೊಳಪಿಗೆ ಕಾರಣವನ್ನು ವಿವರಿಸಿದರು.

ಓರೆಯಾಗಿ ಎಸೆದ ವಸ್ತುವಿನ ಚಲನೆಗೆ ಹೆಚ್ಚು ಹೇಳಬೇಕಾಗಲಿಲ್ಲ. ವ್ಯಾಪ್ತಿ, ಅಂದರೆ ವಸ್ತು ಹೋಗಿ ಬೀಳುವ ದೂರ, ಎಸೆದ ಕೋನದ ಸೈನ್ ಮತ್ತು ಕೊಸೈನ್‌ಗಳ ಗುಣಲಬ್ಧವನ್ನು ಅವಲಂಬಿಸುತ್ತದೆಂದು ತಿಳಿದ ಮೇಲೆ, ಎರಡು ಪಟ್ಟು ಕೋನದ ಸೂತ್ರ ಗೊತ್ತಿಲ್ಲದಿದ್ದರೂ ತಮ್ಮ ಕಾಲು ವೃತ್ತದಲ್ಲಿ ಅಳೆದು ಗುಣಿಸಿ ನೋಡಿದರು: 15ಕ್ಕೆ 0.25, 30ಕ್ಕೆ 0.433, 45ಕ್ಕೆ 0.5, 60ಕ್ಕೆ ಮತ್ತೆ 0.433, 75ಕ್ಕೆ ಮತ್ತೆ 0.25. ಗರಿಷ್ಠ ದೂರ ಎಲ್ಲಿ, ಜೋಡಿ ಕೋನಗಳು ಯಾವುವು ಎಂಬುದೆಲ್ಲ ಅದರಲ್ಲಿಯೇ ಇದೆ.

ಲೋಲಕದಲ್ಲಿ ರೇಡಿಯನ್, ಅಂದರೆ ಕೋನವನ್ನು ಕಂಸದ ಉದ್ದಕ್ಕೂ ತ್ರಿಜ್ಯಕ್ಕೂ ಇರುವ ಅನುಪಾತದಿಂದ ಅಳೆಯುವ ಮಾನ, ಅನಿವಾರ್ಯವಾಗಿ ಬಂತು. ಲೋಲಕವನ್ನು ಹಿಂದಕ್ಕೆ ಎಳೆಯುವ ಬಲ ಸೈನ್ ಥೀಟಾಕ್ಕೆ ಅನುಗುಣ; ಸರಳ ಸಂಗತ ಚಲನೆಗೆ, ಅಂದರೆ ಎಷ್ಟು ದೂರದಿಂದ ಬಿಟ್ಟರೂ ಅವಧಿ ಬದಲಾಗದ ತೂಗಾಟಕ್ಕೆ, ಬೇಕಾದದ್ದು ಥೀಟಾಕ್ಕೆ ಅನುಗುಣವಾದ ಬಲ. ಚಿಕ್ಕ ಕೋನಗಳಲ್ಲಿ ಎರಡೂ ಒಂದೇ ಎಂದು ಪುಸ್ತಕ ಹೇಳುತ್ತದೆ, ಎಷ್ಟು ಚಿಕ್ಕದೆಂದು ನಾವು ನೋಡಿದೆವು. 10 ಡಿಗ್ರಿ ಎಂದರೆ 0.1745 ರೇಡಿಯನ್, ಅದರ ಸೈನ್ 0.1736. 30 ಡಿಗ್ರಿ ಎಂದರೆ 0.5236, ಸೈನ್ 0.5. ಒಂದು ಮೀಟರ್ ಉದ್ದದ ಲೋಲಕವನ್ನು 30 ಡಿಗ್ರಿಯಿಂದ ಬಿಟ್ಟರೆ ಅವಧಿ ಶೇಕಡ 1.7ರಷ್ಟು ಹೆಚ್ಚುತ್ತದೆ, ಇಪ್ಪತ್ತು ಆಂದೋಲನಗಳಿಗೆ ಅದು ಅರ್ಧ ಸೆಕೆಂಡಿಗಿಂತ ಹೆಚ್ಚಾದ್ದರಿಂದ ನಿಲ್ಲಿಸು ಗಡಿಯಾರದಲ್ಲಿ ಕಾಣಿಸುತ್ತದೆ. ಅದೇ ವಾರ ಒಬ್ಬನ ಕ್ಯಾಲ್ಕುಲೇಟರ್ ಸೈನ್ 30ಕ್ಕೆ ಋಣ 0.988 ಎಂದು ತೋರಿಸಿತು. ಕೈಯಲ್ಲಿ ಅಳೆದು ಅರ್ಧವೆಂದು ಕಂಡಿದ್ದ ಅವನು ಅದನ್ನು ನಂಬಲಿಲ್ಲ, ಯಂತ್ರ ರೇಡಿಯನ್‌ಗೆ ಹೊಂದಿಸಿದ್ದನ್ನು ತಾನೇ ಪತ್ತೆ ಮಾಡಿ ಸರಿಪಡಿಸಿಕೊಂಡ.

ಕೊನೆಗೆ, ಅತಿ ಚಿಕ್ಕ ಕೋನದ ಉದಾಹರಣೆಯಾಗಿ ನಕ್ಷತ್ರಗಳ ದೂರವನ್ನು ತೆಗೆದುಕೊಂಡೆವು. 1838ರಲ್ಲಿ ಜರ್ಮನ್ ಖಗೋಳಜ್ಞ ಬೆಸೆಲ್ ಹಂಸ ನಕ್ಷತ್ರಪುಂಜದ 61ನೇ ನಕ್ಷತ್ರದ ಸ್ಥಾನಪಲ್ಲಟವನ್ನು, ಅಂದರೆ ಭೂಮಿ ಸೂರ್ಯನ ಸುತ್ತ ಚಲಿಸುವುದರಿಂದ ನಕ್ಷತ್ರ ಸರಿದಂತೆ ಕಾಣುವ ಕೋನವನ್ನು, ಸುಮಾರು 0.31 ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ ಒಂದು ಸೆಕೆಂಡ್) ಎಂದು ಅಳೆದ. ಭೂಮಿ–ಸೂರ್ಯರ ದೂರವನ್ನು 1 ಸೆಂಟಿಮೀಟರ್ ಪಾದವಾಗಿ ಇಟ್ಟು ಆ ತ್ರಿಭುಜವನ್ನು ಬಿಡಿಸಲು ಎಷ್ಟು ಉದ್ದದ ಹಾಳೆ ಬೇಕೆಂದು ಕೇಳಿದಾಗ, ಆರೂವರೆ ಕಿಲೋಮೀಟರಿಗೂ ಹೆಚ್ಚು ಎಂಬ ಉತ್ತರ ಬಂತು. ಅಷ್ಟು ಸಪೂರ ತ್ರಿಭುಜದಲ್ಲಿ ಸೈನ್, ಟ್ಯಾನ್, ರೇಡಿಯನ್ ಮೂರೂ ಒಂದೇ ಆಗಿಬಿಡುವುದರಿಂದ ಲೆಕ್ಕ ಒಂದು ಸಾಲಿನಲ್ಲಿ ಮುಗಿಯುತ್ತದೆ.

ಪರೀಕ್ಷೆಯ ಪ್ರಶ್ನೆಗಳನ್ನೂ ಈ ಕ್ರಮಕ್ಕೆ ತಕ್ಕಂತೆ ಬದಲಾಯಿಸಿದೆ. ಲೆಕ್ಕ ಮಾಡಿ ಉತ್ತರ ಬರೆಯುವ ಪ್ರಶ್ನೆಗಳ ಜೊತೆಗೆ, ಒಂದು ಚಿತ್ರ ಕೊಟ್ಟು ಕೋನವನ್ನು ಗುರುತಿಸಿ ಎಂಬುದಕ್ಕೆ ಅಂಕ, ಸೂತ್ರ ಕೊಟ್ಟು ಅದು 0 ಮತ್ತು 90 ಡಿಗ್ರಿಗಳಲ್ಲಿ ಏನು ಹೇಳುತ್ತದೆ ಎಂಬುದಕ್ಕೆ ಅಂಕ. ಎಣಿಕೆಯಲ್ಲಿ ದುರ್ಬಲರೆಂದು ಹಿಂದೆ ಸುಮ್ಮನಿರುತ್ತಿದ್ದ ಕೆಲವರು ಈ ಎರಡನೆಯ ಬಗೆಯ ಪ್ರಶ್ನೆಗಳಿಗೆ ಉಳಿದವರಿಗಿಂತ ಚೆನ್ನಾಗಿ ಬರೆದರು. ಪಠ್ಯಕ್ರಮ ಮುಗಿಸುವ ಒತ್ತಡ ಮಾತ್ರ ಕಡಿಮೆಯಾಗಲಿಲ್ಲ. ಇಳಿಜಾರು ಮತ್ತು ವಕ್ರೀಭವನಕ್ಕೆ ಕೊಟ್ಟ ಹೆಚ್ಚಿನ ಸಮಯವನ್ನು ಬೇರೆ ಅಧ್ಯಾಯಗಳಿಂದ ತೆಗೆಯಬೇಕಾಯಿತು, ವಿಶೇಷವಾಗಿ ಶಾಖದ ಅಧ್ಯಾಯವನ್ನು ಬೇಗ ಮುಗಿಸಿದೆ. ಇದಕ್ಕೆ ಪರಿಹಾರವಾಗಿ ಗಣಿತದ ಶಿಕ್ಷಕರ ಜೊತೆ ಕುಳಿತು ಮಾತಾಡಿದ್ದೇನೆ. ಕಾಲು ವೃತ್ತ ಎಳೆದು ಅಳೆಯುವ ಕೆಲಸವನ್ನು ಮುಂದಿನ ಸಲ ಅವರ ತರಗತಿಯಲ್ಲಿಯೇ ಮಾಡಿಸಲು ಅವರು ಒಪ್ಪಿದ್ದಾರೆ. ಅರ್ಧ ವೃತ್ತವನ್ನೂ ಅದರ ಜೊತೆಗೆ ಸೇರಿಸಬೇಕೇ, ಅಥವಾ ಕೆಲಸದ ಪಾಠದಲ್ಲಿ ಅದು ಬೇಕೆನಿಸುವವರೆಗೆ ಕಾಯಬೇಕೇ ಎಂಬುದರಲ್ಲಿ ನಮ್ಮಿಬ್ಬರ ನಡುವೆ ಇನ್ನೂ ಒಮ್ಮತ ಬಂದಿಲ್ಲ. ಕಾಯಬೇಕೆಂಬುದು ನನ್ನ ವಾದ.